ಮದ್ದೂರಿನ ಕೋಟೆಯನ್ನು ಹುಡುಕಿ

ಬೆಂಗಳೂರಿನಿಂದ ಮೈಸೂರಿಗೆ ಪ್ರಯಾಣ ಮಾಡುವವರಲ್ಲಿ ಮದ್ದೂರಿನ ಹೆಸರನ್ನು ಕೇಳದವರು ವಿರಳ. ಆದರೆ ಕೇಳಿದವರಲ್ಲಿ ಬಹುಮಂದಿಗೆ ಆ ಹೆಸರಿನೊಡನೆ ನೆನಪಿಗೆ ಬರುವುದು ಕಾಗದದಲ್ಲಿ ಸುತ್ತಿಕೊಟ್ಟ ಬಿಸಿ ವಡೆಯೊಂದೇ. ನಾವಾದರೂ ಅದಕ್ಕೆ ಹೊರತಾದವರಲ್ಲ. ಎಷ್ಟೋ ಸಲ ಆ ನಿಲ್ದಾಣದಲ್ಲಿ ಕಿಟಕಿಯಿಂದ ಕೈಚಾಚಿ ವಡೆಯನ್ನು ಕೊಂಡಿದ್ದೇವೆ. ಒಮ್ಮೆಯೂ ಇಳಿದು ಊರನ್ನು ನೋಡಿದವರಲ್ಲ. ಈ ಮಾಘಮಾಸದಲ್ಲಿ ನಮ್ಮನ್ನು ಅಲ್ಲಿ ಇಳಿಯುವಂತೆ ಮಾಡಿದವಳು ನಮ್ಮ ಹತ್ತು ವರ್ಷದ ಮಗಳು. ಮನೆಯಲ್ಲಿದ್ದ ಹಳೆಯ ಚರಿತ್ರೆಯ ಪುಸ್ತಕವೊಂದರಲ್ಲಿ, 1791ರಲ್ಲಿ ಕಾರ್ನ್‌ವಾಲೀಸನು ಮದ್ದೂರಿನ ಕೋಟೆಯನ್ನು ಕೆಡವಿಸಿದನೆಂಬ ಒಂದು ಸಾಲನ್ನು ಓದಿ, “ಅಪ್ಪಾ, ಆ ಕೋಟೆ ಎಲ್ಲಿದೆ?” ಎಂದು ಕೇಳಿದಳು. ನಮಗೆ ಉತ್ತರ ತಿಳಿದಿರಲಿಲ್ಲ. ಮಕ್ಕಳ ಪ್ರಶ್ನೆಗೆ ಗದರಿಕೆಯಿಂದ ಉತ್ತರ ಕೊಡುವುದಕ್ಕಿಂತ ಕಾಲ್ನಡಿಗೆಯಿಂದ ಕೊಡುವುದು ಲೇಸೆಂದು, ಒಂದು ಭಾನುವಾರ ಬೆಳಗಿನ ರೈಲಿನಲ್ಲಿ ಕುಟುಂಬಸಮೇತರಾಗಿ ಹೊರಟೆವು.

ರಾಮನಗರದ ಬಂಡೆಗಲ್ಲಿನ ಬೆಟ್ಟಗಳೂ ಚನ್ನಪಟ್ಟಣದ ಬೊಂಬೆಯಂಗಡಿಗಳೂ ಹಿಂದಕ್ಕೆ ಸರಿದಮೇಲೆ ನೆಲವು ಮೆಲ್ಲಮೆಲ್ಲನೆ ಸಮವಾಗುತ್ತ ಬರುವುದು. ಬಂಡೆಗಳು ಕಡಮೆಯಾಗಿ ತೆಂಗು ಹೆಚ್ಚುವುದು; ರಾಗಿಯ ಹೊಲಗಳ ನಡುವೆ ಹಿಪ್ಪುನೇರಳೆಯ ತೋಟಗಳು ಕಾಣಬರುವುವು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರು ಸಾಗಿದ ಬಳಿಕ ರೈಲು ಒಂದು ನದಿಯನ್ನು ದಾಟುವುದು. ಅದೇ ಶಿಂಷಾ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳ ಕಡೆ ಹುಟ್ಟಿ, ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿಯ ಜಲಾಶಯವನ್ನು ತುಂಬಿಸಿ, ದಕ್ಷಿಣಕ್ಕೆ ಹರಿದು ಬಂದು, ಮಳವಳ್ಳಿ ತಾಲ್ಲೂಕಿನಲ್ಲಿ ಜಲಪಾತವಾಗಿ ಧುಮುಕಿ, ಕಾವೇರಿಯನ್ನು ಸೇರುವ ಈ ನದಿಗೆ ಕದಂಬ ನದಿಯೆಂಬ ಇನ್ನೊಂದು ಹೆಸರೂ ಉಂಟು. ಮಳೆಗಾಲದಲ್ಲಿ ಕೆಂಪಗೆ ಉಕ್ಕುವ ಈ ಹೊಳೆ ಬೇಸಗೆಯಲ್ಲಿ ಮರಳಿನ ನಡುವೆ ಎಳೆಯಾಗಿ ಹರಿಯುವುದು. ಇದರ ಬಲದಂಡೆಯ ಮೇಲೆ ಮದ್ದೂರು ನೆಲೆಸಿದೆ.

ಕೋಟೆಯೆಂದೊಡನೆ ನಮ್ಮ ಮಗಳ ಮನಸ್ಸಿನಲ್ಲಿದ್ದುದು ಚಿತ್ರಪುಸ್ತಕದ ಕೋಟೆ. ಜರ್ಮನಿ ದೇಶದ ರೈನ್ ನದಿಯ ದಂಡೆಯಲ್ಲಿ ಗುಡ್ಡದ ತುದಿಗೊಂದು ಕಲ್ಲಿನ ಅರಮನೆ, ಅದರ ಬುಡದಲ್ಲಿ ಕೆಂಪು ಹೆಂಚಿನ ಸಣ್ಣ ಪಟ್ಟಣ, ಹೀಗೆ ಸಾಲುಸಾಲಾಗಿ ಊರುಗಳಿರುವುದನ್ನು ಅವಳು ಚಿತ್ರದಲ್ಲಿ ಕಂಡಿದ್ದಳು. ನಮ್ಮ ನಾಡಿನಲ್ಲಿಯೂ ಸಾವನದುರ್ಗ, ಹುತ್ರಿದುರ್ಗಗಳಂತಹ ಗಿರಿದುರ್ಗಗಳಿಗೆ ಕೊರತೆಯಿಲ್ಲ. ಶ್ರೀರಂಗಪಟ್ಟಣವು ಕಾವೇರಿಯ ನಡುವಿನ ಜಲದುರ್ಗ. ಆದರೆ ಬಯಲುಸೀಮೆಯ ಬಹುತೇಕ ಊರುಗಳಲ್ಲಿ ಇದ್ದುದು ನೆಲದ ಮೇಲಣ ಕೋಟೆ. ಸುತ್ತ ಕಂದಕವನ್ನು ತೋಡಿ, ಆ ಮಣ್ಣನ್ನೇ ಒಳಗಡೆ ಗೋಡೆಯಾಗಿ ಬಡಿದು, ಮೂಲೆಗಳಲ್ಲಿ ಕೊತ್ತಲಗಳನ್ನೂ ದಾರಿಯ ಕಡೆಗೆ ಹೆಬ್ಬಾಗಿಲನ್ನೂ ಇಟ್ಟರೆ ಕೋಟೆಯಾಯಿತು. ಒಳಗೆ ಅಧಿಕಾರಿಗಳ ಮನೆ, ದೇವಸ್ಥಾನ, ಕಣಜ. ಹೊರಗೆ ವರ್ತಕರ ಪೇಟೆ. ಅರಸನಿಗೆ ಹಣವೂ ಅವಸರವೂ ಹೆಚ್ಚಾಗಿದ್ದಾಗ ಮಣ್ಣಿನ ಗೋಡೆಗೆ ಕಲ್ಲಿನ ಹೊದಿಕೆಯಾಗುತ್ತಿತ್ತು. ಮದ್ದೂರಿನಲ್ಲಿ ಗುಡ್ಡವಿಲ್ಲ. ಅಲ್ಲಿ ಕೋಟೆ ಬೇಕಾದುದಕ್ಕೆ ಕಾರಣ ನದಿ. ಬೆಂಗಳೂರಿನ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ಶಿಂಷೆಯನ್ನು ದಾಟುವ ಸ್ಥಳವದು. ರಾಜಧಾನಿಗೆ ಅಲ್ಲಿಂದ 45 ಕಿಲೋಮೀಟರು ಮಾತ್ರ. ಹೊಳೆ ದಾಟುವಲ್ಲಿ ಕಾವಲಿದ್ದರೆ ದಾರಿಯೆಲ್ಲ ಕಾವಲಿದ್ದಂತೆ.

ನಿಲ್ದಾಣದಿಂದ ಊರೊಳಕ್ಕೆ ನಡೆದು ಪೇಟೆ ಬೀದಿಯನ್ನು ಹಾದು ಕೋಟೆ ಬೀದಿಯೆಂದು ಕರೆಯುವ ಬೀದಿಯನ್ನು ಸೇರಿದೆವು. ಕೋಟೆಯೆಂದು ಕೈದೋರಿ ಹೇಳಬಹುದಾದ ಗೋಡೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಜಗುಲಿಯ ಮೇಲೆ ಎಳೆಬಿಸಿಲು ಕಾಯಿಸುತ್ತ ಕುಳಿತಿದ್ದ ವೃದ್ಧರೊಬ್ಬರನ್ನು ಮಗಳು ತಾನೇ ಹೋಗಿ, “ತಾತಾ, ಕೋಟೆ ಎಲ್ಲಿದೆ?” ಎಂದು ಕೇಳಿದಳು. ಅವರು ನಕ್ಕು, “ನೀನು ನಿಂತಿರೋದೇ ಕ್ವಾಟೆ ಕಣವ್ವಾ. ಗ್ವಾಡೆ ಹೋಯ್ತು, ಹೆಸರು ಉಳ್ಕೊಂತು. ನೋಡೋ ಅಂಗಿದ್ರೆ ಕೆರೆ ನೋಡ್ಕೊಂಡು ಹೋಗು” ಎಂದರು. ಆ ಮಾತಿನ ಬೆಲೆ ನಮಗೆ ಆಗ ಪೂರ್ತಿಯಾಗಿ ತಿಳಿಯಲಿಲ್ಲ.

ಊರಿನ ಹೆಸರಿನ ವಿಷಯವಾಗಿ ಅಲ್ಲಿ ಎರಡು ಮೂರು ಮಾತುಗಳನ್ನು ಕೇಳಿದೆವು. ಕೋಟೆಯಲ್ಲಿ ಸಿಡಿಮದ್ದನ್ನು ಕೂಡಿಡುತ್ತಿದ್ದುದರಿಂದ ಮದ್ದೂರೆಂದು ಕೆಲವರು ಹೇಳುವರು. ಮರುದೂರೆಂಬ ಹಳೆಯ ಹೆಸರು ನಾಲಗೆಯ ಮೇಲೆ ಸವೆದು ಮದ್ದೂರಾಯಿತೆಂಬುದು ಬಲ್ಲವರ ಮತ. ತೀರ್ಥಯಾತ್ರೆಗೆ ಬಂದ ಅರ್ಜುನನು ನೆಲೆಗೊಳಿಸಿದ ಅರ್ಜುನಪುರಿಯೇ ಇದೆಂದು ಸ್ಥಳಪುರಾಣ. ಹೇಗೇ ಇರಲಿ, ಬಂದೂಕು ಬರುವುದಕ್ಕೆ ಬಹು ಹಿಂದೆಯೇ ಈ ಊರು ಇದ್ದಿತೆಂಬುದಕ್ಕೆ ದೇವಾಲಯಗಳೇ ಸಾಕ್ಷಿ. ಉಗ್ರನರಸಿಂಹಸ್ವಾಮಿಯ ಗುಡಿಯು ಹೊಯ್ಸಳರ ಕಾಲದ್ದು. ಅದರ ಬಳಿಯಲ್ಲಿರುವ ವರದರಾಜಸ್ವಾಮಿಯ ವಿಗ್ರಹವು ಸುಮಾರು 12 ಅಡಿ ಎತ್ತರ. ತಲೆಯೆತ್ತಿ ನೋಡಿದ ಮಗಳಿಗೆ ಮುಖವನ್ನು ಕಾಣಲು ಎರಡು ಹೆಜ್ಜೆ ಹಿಂದಕ್ಕೆ ಸರಿಯಬೇಕಾಯಿತು. ಈ ದೇವರನ್ನು ಕಣ್ಣು ಕೊಟ್ಟ ಸ್ವಾಮಿಯೆಂದು ಕರೆಯುವರು. ದೃಷ್ಟಿದೋಷವುಳ್ಳವರು ಹರಕೆ ಹೊರುವರು. ಊರಿಗೆ ಸಮೀಪದಲ್ಲಿ ಶಿಂಷೆಯ ದಡದ ಮೇಲೆ ವೈದ್ಯನಾಥಪುರದ ಈಶ್ವರಾಲಯವಿದೆ.

ಇದೇ ತಾಲ್ಲೂಕಿನ ಆತಗೂರು, ಎಂದರೆ ಶಾಸನಗಳ ಆತಕೂರು, ಚರಿತ್ರೆಯನ್ನು ಬಲ್ಲವರೆಲ್ಲರಿಗೂ ಪರಿಚಿತವಾದ ಹೆಸರು. ಅಲ್ಲಿ ದೊರೆತ ಕ್ರಿ.ಶ. 949–50ರ ಶಿಲಾಶಾಸನದ ಮೇಲೆ ಒಂದು ನಾಯಿಯೂ ಒಂದು ಹಂದಿಯೂ ಹೋರಾಡುತ್ತಿರುವ ಚಿತ್ರವಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನು ಮಡಿದ ಬಳಿಕ, ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಏನು ಬೇಕೆಂದು ಗಂಗರ ದೊರೆ ಬೂತುಗನು ಕೇಳಿದಾಗ, ಅವನು ಹೊನ್ನನ್ನು ಬೇಡದೆ ದೊರೆಯ ಬೇಟೆನಾಯಿಯಾದ ಕಾಳಿಯನ್ನು ಬೇಡಿ ಪಡೆದನಂತೆ. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಗಳಿಗೆ ಈ ಕಥೆಯು ರಾಜರ ಕಥೆಗಿಂತ ಹೆಚ್ಚು ಹಿಡಿಸಿತು. ನೀರಿನ ಪಕ್ಕದಲ್ಲಿ ಪ್ರಾಣಿಪಕ್ಷಿಗಳನ್ನು ಬಾಂಧವರಂತೆ ಕಾಣುವ ಗುಣ ಈ ಸೀಮೆಯಲ್ಲಿ ಇಂದಿಗೂ ಅಳಿದಿಲ್ಲ. ಶಿಂಷೆಗೆ ಸಮೀಪದ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಯ ಹಿತ್ತಲಿನ ಮರಗಳಲ್ಲಿಯೇ ಗೂಡುಕಟ್ಟಿ ಮರಿಮಾಡುವುವು.

ಇನ್ನು ಕೋಟೆಯ ಕಥೆ. ಹೈದರಾಲಿಯು ಮದ್ದೂರಿನ ಹಳೆಯ ಕೋಟೆಯನ್ನು ಹೊಸದಾಗಿ ಕಟ್ಟಿಸಿ ಬಲಪಡಿಸಿದನು. ಅವನ ಮಗನ ಕಾಲದಲ್ಲಿ, ಮೂರನೆಯ ಮೈಸೂರು ಯುದ್ಧದಲ್ಲಿ, ಗವರ್ನರ್ ಜನರಲ್ ಕಾರ್ನ್‌ವಾಲೀಸನು ತಾನೇ ದಂಡನ್ನು ನಡೆಸಿಕೊಂಡು ಬಂದನು. 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆ ಬಿದ್ದಿತು. ಮೇ ತಿಂಗಳಿನಲ್ಲಿ ಅವನು ಶ್ರೀರಂಗಪಟ್ಟಣದ ಬಳಿಯ ಅರಕೆರೆಯವರೆಗೆ ಬಂದರೂ, ಮಳೆಯೂ ರೋಗವೂ ಧಾನ್ಯದ ಅಭಾವವೂ ಸೇರಿ, ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಮದ್ದೂರಿನ ಕೋಟೆ ಕೆಡವಲ್ಪಟ್ಟುದು ಆ ವರ್ಷವೇ. ಮರುವರ್ಷ ಫೆಬ್ರವರಿಯಲ್ಲಿ ಅವನು ಮತ್ತೆ ರಾಜಧಾನಿಯನ್ನು ಮುತ್ತಿದಾಗ ದಾರಿಯಲ್ಲಿ ತಡೆಯಲು ಅಲ್ಲಿ ಕೋಟೆಯಿರಲಿಲ್ಲ. ಟೀಪುವಿನ ಪತನದ ಮರುವರ್ಷ, 1800ರಲ್ಲಿ, ಇಂಗ್ಲಿಷರ ಸರಕಾರದ ಅಪ್ಪಣೆಯಿಂದ ದೇಶವನ್ನು ಪರಿಶೀಲಿಸುತ್ತ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಡುದು ಯುದ್ಧದಿಂದ ಬಡಕಲಾಗಿದ್ದ ಇಂತಹ ಊರುಗಳನ್ನೇ.

ಮಧ್ಯಾಹ್ನ ಬುತ್ತಿಯ ಊಟವನ್ನು ಮುಗಿಸಿ, ತಾತನ ಮಾತಿನಂತೆ ಕೆರೆಯ ಕಡೆಗೆ ಹೋದೆವು. ಏರಿಯ ಮೇಲೆ ನಿಂತು ನೋಡಿದರೆ ಒಂದು ಮಗ್ಗುಲಲ್ಲಿ ನೀರಿನ ಹರವು, ಇನ್ನೊಂದು ಮಗ್ಗುಲಲ್ಲಿ ಅದರ ನೀರನ್ನು ಉಣ್ಣುವ ಅಚ್ಚುಕಟ್ಟಿನ ಗದ್ದೆಗಳು. ನಮ್ಮ ಹಿರಿಯರು ಶಿಂಷೆಗೆ ಅಡ್ಡಕಟ್ಟೆಯನ್ನು ಹಾಕಿ, ಕಾಲುವೆಯನ್ನು ತೆಗೆದು, ನದಿಯ ನೀರನ್ನು ಕೆರೆಗೆ ತಿರುಗಿಸಿದ್ದರು. ಮಳೆಗಾಲದಲ್ಲಿ ಹರಿದುಹೋಗುವ ನೀರನ್ನು ಬೇಸಗೆಗಾಗಿ ಹಿಡಿದಿಡುವ ಉಪಾಯವಿದು. ನೀರು ಹೆಚ್ಚಾದರೆ ಕೋಡಿಯಿಂದ ಹೊರಕ್ಕೆ. ಬೇಕಾದಾಗ ತೂಬನ್ನೆತ್ತಿದರೆ ಗದ್ದೆಗೆ. ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿಯಿರುತ್ತಿದ್ದನು. ದೂರದಿಂದ ಕೆರೆಯ ಏರಿಗೂ ಕೋಟೆಯ ಗೋಡೆಗೂ ಹೆಚ್ಚಿನ ಭೇದ ಕಾಣದು. ಎರಡೂ ಮಣ್ಣಿನ ದಿಬ್ಬಗಳೇ. ಆದರೆ ಗೋಡೆಯನ್ನು ದುರಸ್ತು ಮಾಡಿಸಬೇಕಾದವನು ಅರಸನೊಬ್ಬನು. ಅವನು ಸೋತರೆ ಅದನ್ನು ಮತ್ತೆ ಕಟ್ಟುವವರಿಲ್ಲ. ಏರಿ ಒಡೆದರೆ ಊರೇ ಗುದ್ದಲಿ ಹಿಡಿದು ಬರುವುದು.

ಮದ್ದೂರಿನಿಂದ ಮಳವಳ್ಳಿ ದಕ್ಷಿಣಕ್ಕೆ ಒಂದು ಗಂಟೆಯೊಳಗಿನ ಬಸ್ಸಿನ ದಾರಿ. ಅಲ್ಲಿಯೂ ಒಂದು ಮಣ್ಣಿನ ಕೋಟೆಯಿದ್ದಿತು. ಅಲ್ಲಿಯೂ ಒಂದು ದೊಡ್ಡ ಕೆರೆಯುಂಟು. ಹೈದರಾಲಿಯು ಈ ಊರನ್ನು ಮಗ ಟೀಪುವಿಗೆ ಜಹಗೀರಾಗಿ ಕೊಟ್ಟನೆಂದೂ, ಅವನಿಗಾಗಿ ಕೆರೆಯ ಬಳಿಯಲ್ಲಿ ಹಣ್ಣಿನ ತೋಟವನ್ನು ಬೆಳೆಸಲಾಯಿತೆಂದೂ ಹಳೆಯ ವರದಿಗಳು ಹೇಳುತ್ತವೆ. ಆ ತೋಟದ ಯಜಮಾನನೇ ಮುಂದೆ ಈ ಊರಿನ ಬಳಿ ಯುದ್ಧಕ್ಕೆ ನಿಲ್ಲಬೇಕಾಯಿತು. 1799ರಲ್ಲಿ ಜನರಲ್ ಹ್ಯಾರಿಸನ ದಂಡು ಕನಕಪುರದ ಕಡೆಯಿಂದ ಬಂದಿತು. ಕೊಡಗಿನ ಅಂಚಿನ ಸಿದ್ದೇಶ್ವರದಲ್ಲಿ ಮಾರ್ಚಿ 6ರಂದು ಇನ್ನೊಂದು ಇಂಗ್ಲಿಷ್ ಸೈನ್ಯದೊಡನೆ ಹೋರಾಡಿ ಬಂದಿದ್ದ ಟೀಪು, ಮೊದಲು ಶಿಂಷೆಯ ದಡದಲ್ಲಿ ಬೀಡುಬಿಟ್ಟನು. ಇಂಗ್ಲಿಷರು ಅದನ್ನು ಮದ್ದೂರು ಹೊಳೆಯೆಂದೇ ಕರೆಯುತ್ತಿದ್ದರು. ಆದರೆ ಹೊಳೆಯನ್ನು ಶತ್ರು ದಾಟುವಾಗ ತಡೆಯದೆ ಹಿಂದಕ್ಕೆ ಸರಿದು, ಮಾರ್ಚಿ 27ರಂದು ಮಳವಳ್ಳಿಯ ಬಳಿ ಎದುರಿಸಿದನು. ಅಂದು ಇಂಗ್ಲಿಷರ ಎಡಪಾರ್ಶ್ವದಲ್ಲಿ ನಿಜಾಮನ ದಂಡಿನೊಡನೆ ಇದ್ದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಇವನೇ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಲೋಕಪ್ರಸಿದ್ಧನಾದ ವೆಲ್ಲಿಂಗ್ಟನ್.

ಮಳವಳ್ಳಿಯಲ್ಲಿ ಟೀಪು ಸೋತು ಹಿಮ್ಮೆಟ್ಟಿದನು. ಊರು ಶತ್ರುವಿಗೆ ಉಪಯೋಗಕ್ಕೆ ಬಾರದಿರಲೆಂದು ಹೋಗುವಾಗ ಅದನ್ನು ನಾಶಮಾಡಿಸಿದನೆಂದು ಬರೆದಿಟ್ಟಿದ್ದಾರೆ. ತನಗೆ ತಂದೆ ಕೊಟ್ಟ ಊರು. ತನಗಾಗಿ ಹಣ್ಣಿನ ಗಿಡಗಳನ್ನು ನೆಟ್ಟ ಊರು. ಹ್ಯಾರಿಸನಾದರೋ ಟೀಪು ಕಾಯುತ್ತಿದ್ದ ದಾರಿಯನ್ನು ಬಿಟ್ಟು, ಸೋಸಲೆಯ ಬಳಿ ಕಾವೇರಿಯನ್ನು ದಾಟಿ, ದಕ್ಷಿಣದಿಂದ ರಾಜಧಾನಿಯನ್ನು ಸಮೀಪಿಸಿದನು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವನು ಯಾರೆಂಬುದು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಆ ಮಾರ್ಚಿಯಲ್ಲಿ ಮನೆ ಸುಟ್ಟ ಮಳವಳ್ಳಿಯ ಗೃಹಸ್ಥರು ಆಷಾಢದ ಮಳೆಗೆ ಎಲ್ಲಿ ತಲೆಮರೆಸಿಕೊಂಡರೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಕೆರೆಯ ದಂಡೆಯಲ್ಲಿ ಬಟ್ಟೆಯೊಗೆಯುತ್ತಿದ್ದ ಹೆಂಗಸರನ್ನು ನೋಡುತ್ತ ನಮ್ಮ ಮನೆಯವರು, “ನೀರಿತ್ತಲ್ಲಾ, ಅದಕ್ಕೇ ಮತ್ತೆ ಬಂದು ಸೇರಿಕೊಂಡಿರಬೇಕು” ಎಂದರು. ನಾವು ಪುಸ್ತಕಗಳನ್ನು ತಿರುವಿಯೂ ಕಾಣದಿದ್ದ ಉತ್ತರವನ್ನು ಅವರು ಒಂದೇ ಮಾತಿನಲ್ಲಿ ಹೇಳಿದರೆಂದು ನಮಗೆ ತೋರಿತು. ಬೆಳಿಗ್ಗೆ ಕೋಟೆ ಬೀದಿಯ ತಾತ ಹೇಳಿದುದೂ ಇದನ್ನೇ ಅಲ್ಲವೆ!

ಈ ತಾಲ್ಲೂಕಿನ ನೀರಿಗೆ ಇನ್ನೊಂದು ಕೀರ್ತಿಯೂ ಉಂಟು. ಕಾವೇರಿಯು ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುವ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ಸಾಗಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದುದೂ ಈ ನೀರಿನಿಂದಲೇ.

ಮಳವಳ್ಳಿಯಿಂದ ಮಂಡ್ಯಕ್ಕೆ ಬರುವಾಗ ದಾರಿಯ ಇಕ್ಕೆಲದಲ್ಲಿಯೂ ಕಬ್ಬು ಮತ್ತು ಬತ್ತ. ಈ ಹಸುರು ಬಹಳ ಹಳೆಯದೇನಲ್ಲ. ಒಂದು ಶತಮಾನದ ಹಿಂದೆ ಕೆರೆಯ ಕೆಳಗಿನ ತುಂಡುಗಳನ್ನು ಬಿಟ್ಟರೆ ಇದು ಮಳೆಯನ್ನೇ ನಂಬಿದ ರಾಗಿಯ ಸೀಮೆಯಾಗಿತ್ತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ಅದರ ಎಡದಂಡೆಯಿಂದ ಹೊರಟ ಇರ್ವಿನ್ ನಾಲೆಯನ್ನು ಹುಲಿಕೆರೆಯ ಬಳಿ ಗುಡ್ಡದಡಿಯ ಸುರಂಗದಲ್ಲಿ ಹಾಯಿಸಿ ಈ ಬಯಲಿಗೆ ತಂದರು. ಅದಕ್ಕೆ ಈಗ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರು. 1933ರಲ್ಲಿ, ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ, ಮಂಡ್ಯದಲ್ಲಿ ಸಕ್ಕರೆಯ ಕಂಪನಿ ಸ್ಥಾಪಿತವಾಯಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಹೊಸ ಜಿಲ್ಲೆಗೆ ಮಂಡ್ಯವೇ ರಾಜಧಾನಿಯಾಯಿತು. ಮದ್ದೂರು ಮಳವಳ್ಳಿಗಳಂತೆ ಕೋಟೆಯ ಹೆಸರಿನಿಂದ ಚರಿತ್ರೆಯಲ್ಲಿ ಪ್ರಸಿದ್ಧಿಯಾಗದ ಈ ಊರನ್ನು ಹತ್ತು ವರ್ಷಗಳೊಳಗೆ ದೊಡ್ಡದು ಮಾಡಿದುದು ಒಂದು ನಾಲೆ.

ಆದರೆ ನೀರಿಗೂ ತನ್ನ ಮುತ್ತಿಗೆಗಳುಂಟು. ಮಳೆ ಕೈಕೊಟ್ಟ ವರ್ಷ ನಾಲೆಯ ಬಾಯಿಯವರಿಗೆ ಸಿಕ್ಕ ನೀರು ಮದ್ದೂರು ಮಳವಳ್ಳಿಗಳ ಕೊನೆಯ ಹೊಲವನ್ನು ಮುಟ್ಟುವುದು ಕಷ್ಟ. ಕಾವೇರಿಯ ಹಂಚಿಕೆಯ ವಿವಾದ ಎದ್ದಾಗಲೆಲ್ಲ ಈ ರೈತರು ಹೆದ್ದಾರಿಯಲ್ಲಿ ಬಂದು ಕೂರುವರು. ನಗರದಿಂದ ಬರುವ ನಮ್ಮಂತಹವರು ಅದನ್ನು ಪ್ರಯಾಣದ ಅಡಚಣೆಯೆಂದಷ್ಟೇ ಎಣಿಸಿ ಬೇಸರಪಟ್ಟುಕೊಳ್ಳುವುದುಂಟು. ಕೆರೆಯ ಏರಿಯ ಮೇಲೆ ಒಂದು ಗಳಿಗೆ ನಿಂತವರಿಗೆ ಆ ಬೇಸರ ಕಡಮೆಯಾದೀತು.

ರೈತರು ಹೀಗೆ ಒಟ್ಟಾಗಿ ನಿಲ್ಲುವುದು ಇಲ್ಲಿ ಹೊಸದಲ್ಲ. 1938ರ ಏಪ್ರಿಲಿನಲ್ಲಿ, ಮದ್ದೂರಿಗೆ ತಾಗಿಕೊಂಡಂತಿರುವ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ರಾಷ್ಟ್ರಧ್ವಜವನ್ನು ಹಾರಿಸಕೂಡದೆಂದು ಸರಕಾರದ ನಿಷೇಧವಿದ್ದರೂ, ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ಧ್ವಜವನ್ನೇರಿಸಿ ಬಂಧಿತರಾದರು. ಸಾವಿರಾರು ಹಳ್ಳಿಗರು ಅಲ್ಲಿ ನೆರೆದಿದ್ದರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನರು ಸತ್ತ ಬಳಿಕ, ಸರ್ದಾರ್ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲರೂ ಮಾತುಕತೆಯಾಡಿ ಧ್ವಜದ ವಿವಾದವನ್ನು ಪರಿಹರಿಸಿದರು. ಕೋಟೆಯನ್ನು ಕಳೆದುಕೊಂಡ ಹೊಳೆಯ ದಡದಲ್ಲಿಯೇ ಆ ಧ್ವಜದ ಕಂಬ ನಿಂತಿತೆಂಬುದನ್ನು ನೆನೆದರೆ ಮನಸ್ಸಿಗೆ ಹಿತವಾಗುವುದು.

ಹೊಳೆ ದಾಟುವ ಸ್ಥಳವೆಂಬ ಮದ್ದೂರಿನ ಭಾಗ್ಯ ಕೋಟೆ ಬಿದ್ದಮೇಲೂ ಮುಂದುವರಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಟ್ಟಿಗೆಯ ಕಮಾನುಗಳ ಸೇತುವೆಯಾಯಿತು. 1882ರ ವೇಳೆಗೆ ರೈಲು ಮೈಸೂರನ್ನು ಮುಟ್ಟಿತು. ರೈಲು ನಿಂತಲ್ಲಿ ಹಸಿದವರು ಇದ್ದೇ ಇರುವರು. ರವೆ, ಮೈದಾ, ಅಕ್ಕಿಹಿಟ್ಟುಗಳಿಗೆ ಹೆಚ್ಚಿದ ಈರುಳ್ಳಿಯನ್ನು ಬೆರಸಿ ತಟ್ಟಿ ಕರಿಯುವ ಮದ್ದೂರು ವಡೆ 1917ರಲ್ಲಿ ನಿಲ್ದಾಣದ ಉಪಾಹಾರಗೃಹದಲ್ಲಿ ಹುಟ್ಟಿತೆಂದು ಹೇಳುವರು. ಈಗ ಕಾಲ ಮತ್ತೊಮ್ಮೆ ಮಗ್ಗುಲು ಬದಲಿಸಿದೆ. 2023ರ ಮಾರ್ಚಿ 12ರಂದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯ ಮೇಲೆ ಓಡುವ ಮೋಟಾರುಗಳಿಗೆ ಮದ್ದೂರಿನಲ್ಲಿ ನಿಲ್ಲುವ ಅಗತ್ಯವಿಲ್ಲ. ಹಿಂದೆ ದಂಡುಗಳು ಸಹ ಇಲ್ಲಿ ನಿಂತು ಹೋಗಬೇಕಾಗಿತ್ತು. ಈಗ ನಾವು ನಿಲ್ಲದೆ ಹೋಗಬಲ್ಲೆವು. ಹಳೆಯ ರಸ್ತೆಯ ಮಗ್ಗುಲಲ್ಲಿ ಎಳನೀರು ಮಾರುತ್ತಿದ್ದ ಒಬ್ಬ ಹೆಂಗಸು, “ಮೊದ್ಲಿನಂಗಿಲ್ಲ ಕಣಣ್ಣ ಯಾಪಾರ” ಎಂದು ನಮ್ಮೊಡನೆ ಹೇಳಿಕೊಂಡಳು.

ಸಂಜೆ ಮಂಡ್ಯದಲ್ಲಿ ರೈಲು ಹತ್ತಿದೆವು. ಶಿಂಷೆಯ ಸೇತುವೆಯನ್ನು ದಾಟುವಾಗ ಮಗಳು ಕಿಟಕಿಯ ಹೊರಗೆ ನೋಡುತ್ತ, “ಕೋಟೆ ಸಿಕ್ಕಲೇ ಇಲ್ಲ” ಎಂದಳು, ಒಂದು ಕ್ಷಣ ಬಿಟ್ಟು, “ಕೆರೆಯನ್ನಾದರೂ ಯಾರೂ ಕೆಡವಬಾರದು, ಅಲ್ಲವೇನಪ್ಪಾ?” ಎಂದು ಕೇಳಿದಳು. ಕೆರೆಯನ್ನು ಕೆಡವಲು ಈಗ ಫಿರಂಗಿ ಬೇಕಿಲ್ಲ. ಹೂಳು, ಕಸ, ಒತ್ತುವರಿ, ನಮ್ಮ ಉದಾಸೀನ, ಇಷ್ಟೇ ಸಾಕು. ಏರಿಯ ಬದಿಯಲ್ಲಿ ಜನರು ಬಿಸುಟಿದ್ದ ಪ್ಲಾಸ್ಟಿಕ್ಕಿನ ಚೀಲಗಳನ್ನು ಅವಳೂ ಕಂಡಿದ್ದಳು. ನಾವು ಉಂಡ ಎಲೆಗಳನ್ನು ಅಲ್ಲಿಯೇ ಬಿಟ್ಟುಬರದೆ ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದೆವು. ಆ ದಿನ ಆ ಕೆರೆಗೆ ನಮ್ಮಿಂದಾದ ಸೇವೆ ಅಷ್ಟೇ.

ವಾಚಕರು ಮುಂದಿನ ಸಲ ಮೈಸೂರಿಗೆ ಹೋಗುವಾಗ ಅರ್ಧ ದಿನವನ್ನು ಮಿಗಿಸಿಕೊಂಡು ಮದ್ದೂರಿನಲ್ಲಿ ಇಳಿಯಲಿ. ವರದರಾಜಸ್ವಾಮಿಯ ದರ್ಶನವನ್ನು ಮಾಡಿ, ಕೋಟೆ ಬೀದಿಯಲ್ಲಿ ನಡೆದು, ಮಕ್ಕಳ ಕೈಹಿಡಿದು ಕೆರೆಯ ಏರಿಯನ್ನು ಹತ್ತಲಿ. ವಡೆಯನ್ನು ಹಿಂದಿರುಗುವಾಗ ಕೊಂಡರೂ ಆದೀತು.